ನಡುವೆ ನಿಲ್ಲತಕ್ಕದ್ದು

ಇದನ್ನು ಹೇಳುವ ಹಕ್ಕು ನನಗಿಂತ ನನ್ನ ಭಾವನಿಗೆ, ಅಕ್ಕನ ಗಂಡನಿಗೆ, ಹೆಚ್ಚು. ಆದರೆ ಅವರು ಹೇಳುವವರಲ್ಲ. ಹಾಗಾಗಿ ನಾನು ಹೊರಟಿದ್ದೇನೆ, ಮೊದಲೇ ಕ್ಷಮೆ ಕೇಳಿಕೊಂಡು. ಕಥೆ ಬರೆಯುವುದನ್ನು ನಾನು ಎಲ್ಲೂ ಕಲಿತಿಲ್ಲ. ಹಗಲು ಟೈಪಿಂಗ್ ಕೆಲಸ ಮಾಡಿಕೊಂಡು ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವಳು ನಾನು. ಅಲ್ಲಿ ಕಲಿಸಿದ್ದು ವಾಕ್ಯವನ್ನು ಚಿಕ್ಕದಾಗಿ, ಒಂದೇ ಅರ್ಥ ಬರುವ ಹಾಗೆ ಬರೆಯುವುದನ್ನು. ಅಕ್ಕನ ವಿಷಯ ಒಂದೇ ಅರ್ಥಕ್ಕೆ ಸಿಗುತ್ತಿಲ್ಲ. ಹೇಳುವುದರಲ್ಲಿ ಹೆಚ್ಚುಕಡಿಮೆ ಆದರೆ ಅದು ನನ್ನ ಕೈಲಾಗದ್ದು ಎಂದುಕೊಳ್ಳಿ.

ನಾನು ಕೆಲಸ ಮಾಡುವುದು ಆಸ್ಪತ್ರೆಗೂ ಮನೆಗೂ ಬೇಕಾಗುವ ಯಂತ್ರಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ. ಯಂತ್ರ ಮಾಡುವುದು ನಾನಲ್ಲ. ಮಾಡುವ ಮೊದಲು ಅದು ಏನೇನು ಮಾಡಬೇಕು, ಏನು ಮಾಡಬಾರದು ಎಂದು ಬಳಸುವವರನ್ನು ಕೇಳಿ, ಒಂದೊಂದನ್ನೂ ಒಂದೊಂದು ವಾಕ್ಯವಾಗಿ ಬರೆಯುವುದು ನನ್ನ ಪಾಲಿನ ಕೆಲಸ. ಕಚೇರಿಯಲ್ಲಿ ಅದನ್ನು ರಿಕ್ವೈರ್‌ಮೆಂಟ್ ಎನ್ನುತ್ತಾರೆ. ಪ್ರತಿ ವಾಕ್ಯವೂ 'ತಕ್ಕದ್ದು' ಎಂದೇ ಮುಗಿಯಬೇಕು. 'ಯಂತ್ರವು ವ್ಯಕ್ತಿಯನ್ನು ಹಾಸಿಗೆಯಿಂದ ಕುರ್ಚಿಗೆ ಸಾಗಿಸತಕ್ಕದ್ದು' ಎನ್ನುವ ಹಾಗೆ. 'ಸುಲಭವಾಗಿ', 'ಬೇಗ', 'ಚೆನ್ನಾಗಿ' ಎಂಬ ಮಾತುಗಳು ನಮ್ಮಲ್ಲಿ ನಡೆಯುವುದಿಲ್ಲ, ಏಕೆಂದರೆ ಅವನ್ನು ಅಳೆದು ನೋಡಲು ಬರುವುದಿಲ್ಲ. ವಾಕ್ಯದ ಪಕ್ಕದಲ್ಲಿ ಎರಡು ಖಾನೆಗಳಿರುತ್ತವೆ: ಕೇಳಿದವರು ಯಾರು, ಯಾಕೆ ಕೇಳಿದರು. ಎರಡರಲ್ಲಿ ಒಂದು ಖಾಲಿ ಉಳಿದರೂ ಆ ವಾಕ್ಯ ಅನಾಥ. ಅನಾಥ ವಾಕ್ಯವನ್ನು ಪರಿಶೀಲನೆಯ ಸಭೆಯಲ್ಲಿ ಹೊಡೆದುಹಾಕುತ್ತಾರೆ. ಇದರಲ್ಲಿ ಕ್ರೌರ್ಯವೇನಿಲ್ಲ. ಯಾರಿಗೂ ಕಾರಣ ಗೊತ್ತಿಲ್ಲದ ಒಂದು ಸಾಲಿನಿಂದ ಯಂತ್ರದಲ್ಲಿ ಒಂದು ತಂತಿ ಹೆಚ್ಚಾಗುತ್ತದೆ. ಆ ತಂತಿ ಮುಂದೊಂದು ದಿನ ಯಾರದೋ ಜೀವಕ್ಕೆ ಎರವಾಗಬಹುದು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು, ಬೈದವಳು, ಸಂಜೆ ಕಾಲೇಜಿಗೆ ಹೆಸರು ಬರೆಸಿದವಳು ಅವಳೇ. ವೃತ್ತಿಯಲ್ಲಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ, ಹಿತ್ತಿಲ ಶೆಡ್ಡು ಭಾವನ ಮರಗೆಲಸದ ಜಾಗ. ಒಂದು ವರ್ಷ ಕತ್ತರಿ ಅವಳ ಕೈಯಿಂದ ಜಾರತೊಡಗಿತು. ಮರುವರ್ಷ ಹೊಸ್ತಿಲು ದಾಟುವಾಗ ಕಾಲು ತಡೆಯತೊಡಗಿತು. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಎಂದರು ಡಾಕ್ಟರು. ಎಲ್ಲ ಸೋತ ಮೇಲೂ ಬಲಗೈ ಹೆಬ್ಬೆರಳು ಮತ್ತು ಮಾತು ಉಳಿದವು.

"ನಾಲಿಗೆ ಸ್ನಾಯು ಅಲ್ವಂತೆ, ಅದು ಸ್ವಭಾವವಂತೆ," ಎನ್ನುತ್ತಿದ್ದರು ಭಾವ.

"ನಿಮ್ಮ ಕಿವಿಗೆ ಇನ್ನೂ ಕೆಲಸ ಇದೆ ಅಂತ ದೇವರೇ ಬಿಟ್ಟಿದ್ದಾನೆ," ಎನ್ನುತ್ತಿದ್ದಳು ಅಕ್ಕ.

ಬೆಳಿಗ್ಗೆ ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ ಅವಳನ್ನು ಎತ್ತುತ್ತಿದ್ದವರು ಭಾವ. ಮರದ ದಿಮ್ಮಿ ಎತ್ತಿ ಪಳಗಿದ ತೋಳು. ಒಂದು ಕೈ ಬೆನ್ನ ಹಿಂದೆ, ಒಂದು ಕೈ ಮಂಡಿಯ ಕೆಳಗೆ ಇಟ್ಟು, ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ. ಆದರೆ ಅವರಿಗೂ ವಯಸ್ಸಾಗುತ್ತಿತ್ತು. ಎತ್ತಿ ಇಳಿಸಿದ ಮೇಲೆ ಗೋಡೆಗೆ ಕೈಕೊಟ್ಟು ನಿಲ್ಲುತ್ತಿದ್ದರು. ಸೊಂಟ ಹಿಡಿದಿದೆ ಎಂದು ಬಾಯಿಬಿಟ್ಟು ಹೇಳಿದವರಲ್ಲ.

ನಮ್ಮ ಕಂಪನಿ ಮನೆಯಲ್ಲೇ ಬಳಸುವ ಎತ್ತುವ ಯಂತ್ರ ಮಾಡಲು ಹೊರಟಾಗ, ಬಳಸುವವರ ಪಟ್ಟಿಯಲ್ಲಿ ಅಕ್ಕನನ್ನು ಸೇರಿಸಬಹುದೇ ಎಂದು ಹೆದರಿ ಹೆದರಿ ಕೇಳಿದೆ. ಸ್ವಂತ ಅಕ್ಕ ಅಂದರೆ ಪಕ್ಷಪಾತ ಅಂದುಕೊಳ್ಳುತ್ತಾರೇನೋ ಎಂಬ ಭಯ. ಮುಖ್ಯ ಇಂಜಿನಿಯರ್ ಮೇಡಂ ನಿವೃತ್ತಿಗೆ ಹತ್ತಿರವಾದವರು, ಮಿತಭಾಷಿ. "ಸೇರಿಸು. ಆದ್ರೆ ಪ್ರಶ್ನೆ ಕೇಳುವಾಗ ನೀನು ತಂಗಿ ಅಲ್ಲ," ಎಂದರು.

ಅಕ್ಕನಿಗೆ ಅದನ್ನು ಹೇಳಿದಾಗ ನಕ್ಕುಬಿಟ್ಟಳು. ನನಗೆ ಅವಳಿಟ್ಟ ಹೆಸರೇ ಪ್ರಶ್ನೆಪತ್ರಿಕೆ.

"ಬಾರೇ ಪ್ರಶ್ನೆಪತ್ರಿಕೆ. ಇಷ್ಟು ದಿನ ಬಿಟ್ಟಿಯಾಗಿ ಕೇಳ್ತಿದ್ದೆ, ಈಗ ಸಂಬಳ ತಗೊಂಡು ಕೇಳ್ತೀಯ."

ಮೇಡಂ ಮತ್ತು ನಾನು ಒಂದು ಬೆಳಿಗ್ಗೆ ಹೋದೆವು. ನಮ್ಮ ಕಸುಬಿನಲ್ಲಿ ಮೊದಲು ಕೇಳುವುದಿಲ್ಲ, ನೋಡುತ್ತೇವೆ. ಭಾವ ಅಕ್ಕನನ್ನು ಎತ್ತುವುದನ್ನು ನೋಡಿದೆವು. ಮೇಡಂ ಹಾಸಿಗೆಯ ಎತ್ತರ, ಬಾಗಿಲಿನ ಅಗಲ ಅಳೆದರು. ಆಮೇಲೆ ನಾನು ಕೇಳುತ್ತ ಹೋದೆ, ಅಕ್ಕ ಹೇಳುತ್ತ ಹೋದಳು.

"ನನ್ನನ್ನ ಹಾಕಿ ಎತ್ತೋ ಜೋಲಿ ಬಟ್ಟೆ ಒರಟಾಗಿರಬಾರದು. ಬರ್ಕೊ. ಹೊಲಿಗೆ ತೊಡೆ ಕೆಳಗೆ ಬರಬಾರದು. ಯಾರು ಹೊಲೀತಾರೆ ಅದನ್ನ? ಗೋಣಿಚೀಲ ಹೊಲಿಯೋರಿಗೆ ಕೊಡಬೇಡಿ ಅಂತ ಹೇಳು."

"'ಒರಟು' ಅಂದ್ರೆ ಅಳೆಯೋಕೆ ಬರಲ್ಲ ಅಕ್ಕ."

"ನಿಮ್ಮ ಮೇಡಂ ತೊಡೆ ಕೊಡಲಿ, ಅಳೆಯೋಣ."

ಮೇಡಂ ಬಾಗಿಲ ಕಡೆ ತಿರುಗಿ ನಕ್ಕರು. ನನಗೆ ನಾಚಿಕೆಯಾಯಿತು.

"ತಂಗಿಯು ಬಾಯಿ ಮುಚ್ಚತಕ್ಕದ್ದು," ಎಂದಳು ಅಕ್ಕ, ನಾನು ತೋರಿಸಿದ ವಾಕ್ಯಗಳನ್ನು ಅಣಕಿಸುತ್ತ. "ಭಾವನು ಬೆಳಗಿನ ಟೀಗೆ ಸಕ್ಕರೆ ಮರೆಯತಕ್ಕದ್ದಲ್ಲ. ಇದನ್ನೂ ಹಾಕು."

ಎಲ್ಲ ಮುಗಿಯಿತು ಎಂದು ನಾವು ಏಳುವಾಗ, ಅವಳು ದನಿ ಬದಲಿಸದೆ ಇನ್ನೊಂದು ಹೇಳಿದಳು.

"ಇನ್ನೊಂದು. ಎತ್ತುವಾಗ ನಡುವೆ ನಿಲ್ಲಿಸೋಕೆ ಆಗಬೇಕು. ಹಾಸಿಗೆಯಿಂದ ಬಿಟ್ಟ ಮೇಲೆ, ಕುರ್ಚಿ ಮುಟ್ಟೋ ಮೊದಲು. ಬಟನ್ ನನ್ನ ಕೈಲಿ ಇರಬೇಕು."

"ಭಯ ಆದ್ರೆ ನಿಲ್ಲಿಸೋಕಾ? ಅದು ಹೇಗೂ ಇರುತ್ತೆ, ತುರ್ತು ಬಟನ್," ಎಂದರು ಮೇಡಂ.

"ಭಯಕ್ಕಲ್ಲ. ಸುಮ್ನೆ ನಿಲ್ಲಿಸಿ, ಬೇಕಾದಾಗ ಮುಂದೆ ಹೋಗೋಕೆ."

ನಾನು ಬರೆದುಕೊಂಡೆ. ಅಭ್ಯಾಸಬಲದಿಂದ ಕೇಳಿದೆ, "ಯಾಕಕ್ಕ?"

ಅಕ್ಕ ನನ್ನನ್ನು ನೋಡಿದಳು. "ಬೇಕು, ಅಷ್ಟೆ."

ಹೀಗೆ ಆ ವಾಕ್ಯ ನನ್ನ ಕಡತ ಸೇರಿತು. 'ವ್ಯಕ್ತಿಯನ್ನು ಸಾಗಿಸುವಾಗ ಯಂತ್ರವು, ಆ ವ್ಯಕ್ತಿಯ ಕೈಯಲ್ಲಿರುವ ಬಟನ್ ಒತ್ತಿದಾಗ, ನಡುವೆ ನಿಲ್ಲತಕ್ಕದ್ದು. ಮತ್ತೆ ಒತ್ತುವವರೆಗೆ ನಿಂತೇ ಇರತಕ್ಕದ್ದು.' ಕೇಳಿದವರ ಖಾನೆಯಲ್ಲಿ ಅಕ್ಕ. ಕಾರಣದ ಖಾನೆ ಖಾಲಿ.

ಆ ಖಾಲಿ ಖಾನೆ ನನ್ನನ್ನು ಕುಟುಕತೊಡಗಿತು. ಹೋದಾಗಲೆಲ್ಲ ಕೇಳಿದೆ. ಕುರ್ಚಿ ಸರಿ ಮಾಡಿಕೊಳ್ಳೋಕಾ? ಅಲ್ಲ. ಉಸಿರು ಹಿಡಿಯುತ್ತಾ? ಇಲ್ಲ. ಕಿಟಕಿಯಿಂದ ಹೊರಗೆ ನೋಡೋಕಾ?

"ಕಿಟಕಿ ಆಚೆ ಪಕ್ಕದ ಮನೆ ನೀರಿನ ಟ್ಯಾಂಕು ಇದೆ. ಅದನ್ನ ನೋಡೋಕೆ ಮೇಲೆ ಹೋಗಬೇಕಾ?"

"ಮತ್ತೆ ಯಾಕೆ ಅಂತ ಹೇಳು ಅಕ್ಕ. ಕಾರಣ ಇಲ್ದಿದ್ರೆ ತೆಗೆದುಹಾಕ್ತಾರೆ."

"ಬೆಳಗಾದ್ರೆ ಸಂಜೆ ತನಕ ಕಾರಣ ಕೊಟ್ಟೇ ಬದುಕ್ತೀನಿ ಕಣೇ. ಕಾಲು ಸರಿಸಿ ಅಂದ್ರೆ ಯಾಕೆ, ನೋಯ್ತಿದ್ಯಾ? ನೀರು ಬೇಡ ಅಂದ್ರೆ ಯಾಕೆ, ಹುಷಾರಿಲ್ವಾ? ನೀನು ಇವತ್ತು ಈ ಹಸಿರು ಅಂಗಿ ಹಾಕ್ಕೊಂಡು ಬಂದಿದೀಯ. ಯಾರಿಗಾದ್ರೂ ಕಾರಣ ಕೊಟ್ಯಾ?"

ಕಾರಣ ಕೊಡಬೇಕಿಲ್ಲ ಎಂಬುದೇ ಕಾರಣವಿರಬಹುದೇ ಎಂದು ಆ ಕ್ಷಣ ಹೊಳೆಯಿತು. ಅದನ್ನು ಕೇಳಿದೆ ಕೂಡ. "ಬುದ್ಧಿವಂತಿಕೆ ಬೇಡ," ಎಂದಳು. "ಮೊದಲು ಯಂತ್ರ ಬರಲಿ. ಅದರಲ್ಲಿ ನಿಂತು ನೋಡ್ತೀನಿ. ಆಮೇಲೆ ಹೇಳ್ತೀನೋ ಬಿಡ್ತೀನೋ ನನ್ನಿಷ್ಟ."

ಯಂತ್ರದ ಮೊದಲ ಮಾದರಿ ಮನೆಗೆ ಬಂತು. ಕಬ್ಬಿಣದ ಕಂಬ, ಮುಂದಕ್ಕೆ ಚಾಚಿದ ತೋಳು, ತೋಳಿನಿಂದ ತೂಗುವ ಬಟ್ಟೆಯ ಜೋಲಿ. ಇಳಿಸಲು ನಾಲ್ಕು ಜನ ಬಂದಿದ್ದರು. ಭಾವ ಅದರ ಬೆಸುಗೆಗಳನ್ನೆಲ್ಲ ಉಗುರಿನಿಂದ ತಟ್ಟಿ ನೋಡಿದರು, ಒಂದು ಗಾಲಿ ಕಿರುಗುಟ್ಟುತ್ತದೆ ಎಂದು ಎಣ್ಣೆ ಬಿಟ್ಟರು. ಅಕ್ಕನ ಮೈಯಡಿಗೆ ಜೋಲಿ ಹಾಸಿದವರು ಅವರೇ.

"ಈ ವಯಸ್ಸಲ್ಲಿ ನನಗೆ ಜೋಲಿ," ಎಂದಳು ಅಕ್ಕ. "ಲಾಲಿ ಹಾಡೋರು ಯಾರು?"

"ನಾನು ಹಾಡಿದ್ರೆ ನೀನೇ ಎದ್ದು ಓಡ್ತೀಯ," ಎಂದರು ಭಾವ.

"ಹಾಡಿ ಹಾಗಾದ್ರೆ. ನಿಮ್ಮ ಯಂತ್ರದ ಖರ್ಚು ಉಳೀತು."

ಬಟನ್ ಅವಳ ಹೆಬ್ಬೆರಳ ಕೆಳಗೆ ಕಟ್ಟಿದೆವು. ಒತ್ತಿದಳು. ಮೋಟಾರು ಸಣ್ಣಗೆ ಗುನುಗಿತು. ಜೋಲಿ ಬಿಗಿಯಾಯಿತು, ಹಾಸಿಗೆಯ ಹೊದಿಕೆ ಅವಳ ಬೆನ್ನಿನಿಂದ ಬಿಟ್ಟುಕೊಂಡಿತು. ಭಾವ ಎರಡೂ ಕೈಗಳನ್ನು ಅವಳ ಬೆನ್ನಡಿಗೆ ಚಾಚಿಕೊಂಡೇ ನಿಂತಿದ್ದರು, ಬೀಳುವ ಮಡಕೆ ಹಿಡಿಯುವವರ ಹಾಗೆ. ಹಾಸಿಗೆಗೂ ಕುರ್ಚಿಗೂ ನಡುವೆ ಬಂದಾಗ ಅಕ್ಕ ಮತ್ತೆ ಒತ್ತಿದಳು. ಯಂತ್ರ ನಿಂತಿತು.

"ಕೈ ತೆಗೀರಿ," ಎಂದಳು.

ಭಾವನಿಗೆ ಅರ್ಥವಾಗಲಿಲ್ಲ. "ಹಾಂ?"

"ಕೈ ತೆಗೀರಿ."

ಅವರು ಕೈ ತೆಗೆದರು. ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು. ಅಕ್ಕ ತೂಗುತ್ತಿದ್ದಳು, ಬಹಳ ನಿಧಾನವಾಗಿ, ಗಡಿಯಾರದ ಲೋಲಕ ನಿಲ್ಲುವ ಮುಂಚೆ ತೂಗುತ್ತದಲ್ಲ, ಹಾಗೆ. ಕಣ್ಣು ತೆರೆದೇ ಇತ್ತು. ಏನನ್ನು ನೋಡುತ್ತಿದ್ದಳೋ, ಅಲ್ಲಿ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ. ಅವಳ ಮುಖದಲ್ಲಿ ಏನಿತ್ತು ಎಂದು ಎಷ್ಟೋ ಸಲ ಬರೆಯಲು ಕೂತೆ. ಬರುವುದಿಲ್ಲ. ಸಂತೋಷ ಎಂದರೆ ಸುಳ್ಳಾಗುತ್ತದೆ, ದುಃಖ ಎಂದರೂ ಸುಳ್ಳೇ. ಸ್ವಲ್ಪ ಹೊತ್ತಾದ ಮೇಲೆ ಹೆಬ್ಬೆರಳು ಒತ್ತಿದಳು, ಕುರ್ಚಿಯಲ್ಲಿ ಇಳಿದಳು.

"ಸರಿ ಇದೆ," ಎಂದಳು. "ಟೀ ಮಾಡಿ."

ಭಾವ ಟೀ ಮಾಡಲು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಒಲೆಯ ಮೇಲೆ ನೀರು ಕುದಿದು ಕುದಿದು ಅರ್ಧವಾಗಿತ್ತು. ಅವರು ಹಿತ್ತಿಲ ಶೆಡ್ಡಿನಲ್ಲಿ ಒಂದು ಹಲಗೆಗೆ ಉಜ್ಜುಗೊರಡು ಹೊಡೆಯುತ್ತಿದ್ದರು. ಹಲಗೆ ಆಗಲೇ ನುಣುಪಾಗಿತ್ತು.

"ಭಾವ, ನೀರು ಕುದೀತಿದೆ."

ಗೊರಡು ನಿಲ್ಲಿಸಿದರು. "ಕಾರಣ ಏನಂತ ಬರೆದೆ?"

"ಇನ್ನೂ ಬರೆದಿಲ್ಲ. ಅಕ್ಕ ಹೇಳಲ್ಲ."

"ನನ್ನ ಕೈ ಒಗ್ಗಲ್ಲ ಅಂತೇನಾದ್ರೂ ಹೇಳಿದ್ಲಾ?"

"ಇಲ್ಲ ಭಾವ. ಹಾಗೇನೂ ಹೇಳಿಲ್ಲ."

"ಒರಟು ಅಂತ ಗೊತ್ತು. ಮರ ಮುಟ್ಟಿ ಮುಟ್ಟಿ." ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಒಗ್ಗದೇ ಇದ್ರೆ ಹೇಳಬೇಕಿತ್ತು. ಬಟ್ಟೆ ಸುತ್ತಿಕೊಂಡು ಎತ್ತುತ್ತಿದ್ದೆ. ಕೇಳಿ ನೋಡು. ಏನಂದ್ರೂ ಪರವಾಗಿಲ್ಲ, ನನಗೆ ಹೇಳು."

ಕೇಳುತ್ತೇನೆ ಎಂದೆ. ಅಂದಿನಿಂದ ಆ ಖಾನೆ ಕಚೇರಿಯದಾಗಿ ಉಳಿಯಲಿಲ್ಲ. ಅದರಲ್ಲಿ ಏನು ಬರುತ್ತದೆ ಎಂಬುದರ ಮೇಲೆ ಈ ಮನುಷ್ಯ ಇಷ್ಟು ವರ್ಷ ಮಾಡಿದ್ದಕ್ಕೆಲ್ಲ ಏನು ಅರ್ಥ ಎಂಬುದು ನಿಂತಿತ್ತು, ಅವರ ಮಟ್ಟಿಗಾದರೂ.

ಮಾದರಿಯನ್ನು ಬದಲಾವಣೆಗಳಿಗಾಗಿ ಕಂಪನಿಗೆ ವಾಪಸು ತಂದೆವು. ಅಕ್ಕ ಅದರಲ್ಲಿ ನಿಂತದ್ದು ಆ ಒಂದೇ ಸಲ. ಎರಡನೆಯ ಸಲ ತೆಗೆದುಕೊಂಡು ಹೋಗುವ ಮೊದಲೇ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ಕೆಮ್ಮಿ ಹೊರಹಾಕಲು ಸ್ನಾಯುಗಳಲ್ಲಿ ಬಲವಿರಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಮಂಚ ಬಾಗಿಲ ಪಕ್ಕದಲ್ಲಿತ್ತು. ಓಡಾಡುವವರೆಲ್ಲ ಮಂಚದ ಕಾಲಿಗೆ ತಾಗುತ್ತಿದ್ದರು. ಮುಖಕ್ಕೆ ಆಮ್ಲಜನಕದ ಮುಖವಾಡ. ಆದರೂ ನನ್ನನ್ನು ಕಂಡಾಗ ಮುಖವಾಡದೊಳಗಿಂದಲೇ, "ಬಂತು ಪ್ರಶ್ನೆಪತ್ರಿಕೆ," ಎಂದಳು. ಮಾತು ಆಡಲು ಆಗುತ್ತಿತ್ತು ಆಗ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ನಾಲಿಗೆಯ ತುದಿಯ ತನಕ ಬಂದಿತ್ತು. ಆದರೆ ಅಲ್ಲಿ, ಆಗ, ಅದನ್ನು ಕೇಳುವುದೆಂದರೆ ಇನ್ನು ಸಮಯವಿಲ್ಲ ಎಂದು ನಾನೇ ಅವಳಿಗೆ ಹೇಳಿದ ಹಾಗೆ. ಮನೆಗೆ ಬಂದ ಮೇಲೆ ಕೇಳಿದರಾಯಿತು ಎನ್ನುವವಳ ಹಾಗೆ ಕೂತಿದ್ದೆ. ತುಟಿಗೆ ಒದ್ದೆ ಹತ್ತಿ ಒತ್ತಿದೆ. ಪಕ್ಕದ ಮಂಚದವರ ಸೊಸೆಯ ವಿಷಯ ಅವಳು ಏನೋ ತಮಾಷೆ ಮಾಡಿದಳು, ನಾನು ನಕ್ಕೆ.

ಮರುದಿನ ಅವಳಿಗೆ ಮಾತು ಸಾಧ್ಯವಾಗಲಿಲ್ಲ. ಅದರ ಮರುದಿನ ಅವಳೇ ಇರಲಿಲ್ಲ.

ಕಡೆಯದಾಗಿ ಅವಳನ್ನು ಎತ್ತಿದವರೂ ಭಾವನೇ. ಆಸ್ಪತ್ರೆಯವರು ಸ್ಟ್ರೆಚರ್ ತಂದಿದ್ದರು, ಇಬ್ಬರು ಕೆಲಸದವರೂ ಬಂದಿದ್ದರು. ಭಾವ ಅವರಿಗೆ ಮುಟ್ಟಲು ಬಿಡಲಿಲ್ಲ. ಒಂದು ಕೈ ಬೆನ್ನ ಹಿಂದೆ, ಒಂದು ಕೈ ಮಂಡಿಯ ಕೆಳಗೆ. ಎತ್ತಿದ ಮೇಲೆ ಕೂಡಲೇ ಇಳಿಸಲಿಲ್ಲ. ಹಾಗೇ ನಿಂತರು. ಕೆಲಸದವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಕೆಲಸಕ್ಕೆ ಹಿಂತಿರುಗಿದಾಗ ಪರಿಶೀಲನೆಯ ಸಭೆ ಹತ್ತಿರವಾಗಿತ್ತು. ಕಡತ ತೆರೆದರೆ ಉಳಿದ ವಾಕ್ಯಗಳೆಲ್ಲ ತುಂಬಿದ್ದವು, ಅದೊಂದು ಖಾನೆ ಬಿಟ್ಟು. ಅಕ್ಕನದೆಂದು ಜಗತ್ತಿನಲ್ಲಿ ಉಳಿಯಬಹುದಾದದ್ದು ಆ ಒಂದು ಸಾಲು ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಸರಿಯೋ ತಪ್ಪೋ ಗೊತ್ತಿಲ್ಲ, ಅವಳು ಹೊಲಿದ ಬಟ್ಟೆಗಳು ಎಷ್ಟು ಜನರ ಮೈಮೇಲಿದ್ದವು. ಆದರೆ ಅವಳು ತನಗೆ ಬೇಕೆಂದು ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೊಂದೇ.

ಸುರಕ್ಷತೆಯ ವಿಭಾಗದ ಇಂಜಿನಿಯರ್ ಒಬ್ಬರಿದ್ದಾರೆ. ಯಾವುದಕ್ಕೂ ಮೊದಲು 'ಬೇಡ' ಅನ್ನುವುದರಿಂದ ಕಚೇರಿಯವರೆಲ್ಲ ಅವರನ್ನು ಬೇಡಪ್ಪ ಎನ್ನುತ್ತೇವೆ, ಅವರಿಗೂ ಅದು ಗೊತ್ತು. ಕೆಟ್ಟವರಲ್ಲ. ನನ್ನ ಮೇಜಿನ ಬಳಿ ಬಂದು ನಿಂತರು.

"ನೋಡಮ್ಮ, ನಿನ್ನ ದುಃಖ ಗೊತ್ತು. ಆದ್ರೆ ಮನುಷ್ಯನ್ನ ಗಾಳೀಲಿ ತೂಗುಹಾಕೋದು ಅಪಾಯ. ಜೋಲಿಯಲ್ಲಿ ಎಷ್ಟು ಕಡಿಮೆ ಹೊತ್ತು ಇರ್ತಾರೋ ಅಷ್ಟು ಒಳ್ಳೇದು. ಇದರಿಂದ ಇಂಥ ಉಪಯೋಗ ಅಂತ ಇದ್ರೆ ತೂಗಿ ನೋಡಬಹುದು. ಉಪಯೋಗ ಏನೂಂತಲೇ ಗೊತ್ತಿಲ್ದೆ ಯಾವುದರ ಜೊತೆ ತೂಗಲಿ?"

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಕೇಳಿದವರು ಇಲ್ಲವಾದಾಗ ಅದೇ ಬೇಕೆನ್ನುವ ಇನ್ನೊಬ್ಬರನ್ನು ಹುಡುಕಬಹುದು, ಅದು ನಮ್ಮಲ್ಲಿ ನಡೆದುಬಂದ ಕ್ರಮ. ನಮ್ಮ ಪಟ್ಟಿಯಲ್ಲಿ ಅಪಘಾತದಲ್ಲಿ ಸೊಂಟದಿಂದ ಕೆಳಗೆ ಸ್ವಾಧೀನ ಹೋದ ಒಬ್ಬ ಬಸ್ ಡ್ರೈವರ್ ಇದ್ದರು. ಅವರನ್ನು ಜೋಲಿಯಲ್ಲಿ ಕೂರಿಸಿ, ನಡುವೆ ನಿಲ್ಲಿಸಲು ಹೇಳಿದೆವು. ನಿಲ್ಲಿಸಿದರು. ಹೇಗನಿಸುತ್ತದೆ ಎಂದು ಕೇಳಿದೆ.

"ಏನಮ್ಮ, ನೇಣು ಹಾಕೋ ಮೊದಲು ಕೊನೇ ಆಸೆ ಕೇಳಿದಂಗಿದೆ," ಎಂದರು. "ಇಳಿಸಿ ಸಾಕು. ನಿಲ್ದಾಣ ಇಲ್ದಿರೋ ಕಡೆ ನಾನು ಯಾವತ್ತೂ ಗಾಡಿ ನಿಲ್ಲಿಸಿದವನಲ್ಲ."

ಎಲ್ಲರೂ ನಕ್ಕರು. ನಾನು 'ಬೆಂಬಲ ಇಲ್ಲ' ಎಂದು ಬರೆದುಕೊಂಡೆ.

ಆಮೇಲೆ ಊಟದ ವಿರಾಮದಲ್ಲಿ, ಪ್ರಯೋಗದ ಕೋಣೆಯಲ್ಲಿ ಯಾರೂ ಇಲ್ಲದಾಗ, ಮೇಡಂ ಅವರನ್ನು ಕೇಳಿಕೊಂಡು ನಾನೇ ಜೋಲಿಯಲ್ಲಿ ಮಲಗಿದೆ. ಅವರು ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತರು. ಮೈಯನ್ನು ಸಡಿಲ ಬಿಟ್ಟೆ, ಹೆಬ್ಬೆರಳು ಬಿಟ್ಟು ಏನೂ ಅಲುಗಿಸಬಾರದು ಎಂದು ನಿಶ್ಚಯಿಸಿಕೊಂಡು ಬಟನ್ ಒತ್ತಿದೆ. ನಡುವೆ ನಿಲ್ಲಿಸಿದೆ. ಅಕ್ಕನಿಗೆ ತಿಳಿದದ್ದು ಈಗ ನನಗೂ ತಿಳಿಯುತ್ತದೆ ಎಂದು ನಂಬಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಚಾವಣಿಯಲ್ಲಿ ಗಾಳಿಯ ಕೊಳವೆ ಕಂಡಿತು. ತೊಡೆಯ ಕೆಳಗೆ ಹೊಲಿಗೆ ಒತ್ತಿತು, ಅವಳು ಬರಬಾರದು ಎಂದ ಜಾಗದಲ್ಲೇ. ಮೂಗಿನ ತುದಿ ತುರಿಸಿತು. ಕಾದೆ. ಬೇರೇನೂ ಆಗಲಿಲ್ಲ. ನಾನು ಬೇಕಾದಾಗ ಎದ್ದು ಹೋಗಬಲ್ಲವಳು. ನನ್ನ ಮೈ ಆ ಪ್ರಶ್ನೆಗೆ ಉತ್ತರ ಕೊಡುವ ಮೈ ಅಲ್ಲ.

ಇಳಿದಾಗ ಮೇಡಂ ಕೇಳಿದರು, "ಸಿಕ್ತಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಸ್ವಲ್ಪ ಯೋಚಿಸಿ, ನನ್ನ ಕಡೆ ನೋಡದೆ ಹೇಳಿದರು, "'ರಕ್ತದೊತ್ತಡ ಏರುಪೇರಾಗದಂತೆ ದೇಹ ಹೊಂದಿಕೊಳ್ಳಲು' ಅಂತ ಬರೀಬಹುದು. ಒಪ್ತಾರೆ."

"ಅಕ್ಕ ಅದನ್ನ ಹೇಳಲಿಲ್ಲ ಮೇಡಂ."

"ಗೊತ್ತು," ಎಂದರು. ಮತ್ತೆ ಒತ್ತಾಯಿಸಲಿಲ್ಲ.

ಇನ್ನು ಉಳಿದವರು ಭಾವ ಒಬ್ಬರೇ. ನೋಡಿಕೊಂಡವರನ್ನೂ ಬಳಸುವವರೆಂದೇ ಎಣಿಸುತ್ತೇವೆ. ಭಾನುವಾರ ಹೋದೆ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿತ್ತು. ಮಲಗುವ ಕೋಣೆಯ ಮಂಚವನ್ನು ಭಾವ ಬಿಚ್ಚಿ ಗೋಡೆಗೆ ಒರಗಿಸಿದ್ದರು. ತಾವು ಚಾಪೆ ಹಾಸಿಕೊಂಡು ಮಲಗುತ್ತಿದ್ದರೆಂದು ಕಾಣುತ್ತದೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಚೇರಿಯವಳ ಹಾಗೆ ಎದುರು ಕೂತೆ.

"ಭಾವ, ಆ ಸಾಲನ್ನ ತೆಗೆದುಹಾಕ್ತಾರೆ. ನಿಮಗೇನಾದ್ರೂ ಗೊತ್ತಾ? ಯಾವಾಗಲಾದ್ರೂ ಏನಾದ್ರೂ ಅಂದಿದ್ಲಾ?"

ಅವರು ತಮ್ಮ ಅಂಗೈ ನೋಡಿಕೊಂಡರು.

"ನನ್ನ ಬೆನ್ನಿಗೆ," ಎಂದರು.

"ಅಂದ್ರೆ?"

"ನನ್ನ ಸೊಂಟ ಹಿಡ್ಕೊಂಡಿತ್ತಲ್ಲ. ಅವಳಿಗೆ ಗೊತ್ತಿತ್ತು. ನಾನು ಹೇಳಿರಲಿಲ್ಲ, ಆದ್ರೂ ಗೊತ್ತಿತ್ತು. ಎತ್ತೋನಿಗೆ ನಡುವೆ ಒಂದು ಗಳಿಗೆ ಸುಧಾರಿಸ್ಕೊಳ್ಳೋಕೆ ಸಿಗಲಿ ಅಂತ ಕೇಳಿದ್ಲು. ಕೈ ತೆಗೀರಿ ಅಂದಿದ್ದೂ ಅದಕ್ಕೇ. ದಣಿದಿದೀರ, ತೆಗೀರಿ ಅಂತ." ನನ್ನತ್ತ ನೋಡಿದರು. "ಹಾಗಂತ ಬರಿ."

"ಅವಳು ಹೇಳಿದ್ಲಾ ಭಾವ, ಹಾಗಂತ?"

"ಬರಿಯಮ್ಮ."

ಎತ್ತುವುದು ಯಂತ್ರವಾದ ಮೇಲೆ ಎತ್ತುವವನ ದಣಿವು ಎಲ್ಲಿಂದ ಬಂತು ಎಂದು ನಾನು ಕೇಳಬಹುದಿತ್ತು. ನನ್ನ ಕೆಲಸವೇ ಅದನ್ನು ಕೇಳುವುದು. ಕೇಳಲಿಲ್ಲ. ಬರೆದುಕೊಂಡೆ. 'ಕೇಳಿದವರು: ಬಳಸುವ ವ್ಯಕ್ತಿ ಮತ್ತು ಆಕೆಯನ್ನು ನೋಡಿಕೊಂಡವರು. ಕಾರಣ: ನೋಡಿಕೊಳ್ಳುವವರಿಗೆ ನಡುವೆ ವಿರಾಮ ಸಿಗಲೆಂದು, ನೋಡಿಕೊಂಡವರು ತಿಳಿಸಿದಂತೆ.' ಒಂದೊಂದು ಪದವನ್ನೂ ತೂಗಿ ಬರೆದೆ. ಅದು ಸುಳ್ಳಲ್ಲ, ಅವರು ತಿಳಿಸಿದ್ದು ನಿಜ. ಅದು ಸತ್ಯವೂ ಆಗಿರಬಹುದು, ಆಗಿರಲಾರದು ಎನ್ನಲು ನಾನ್ಯಾರು?

ಭಾವ ಅದನ್ನು ಎರಡು ಸಲ ಓದಿಸಿ ಕೇಳಿದರು. ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದರು.

ಸಭೆಯಲ್ಲಿ ಆ ಸಾಲಿನ ಸರದಿ ಬಂತು. ಓದಿದೆ. ಬೇಡಪ್ಪ ಕನ್ನಡಕ ಮೇಲಕ್ಕೆ ಸರಿಸಿಕೊಂಡರು.

"ಇದಾದ್ರೆ ಸರಿ. ಇದಕ್ಕೊಂದು ಅರ್ಥ ಇದೆ. ನೋಡಿಕೊಳ್ಳೋರು ಕುರ್ಚಿ ಸರಿಮಾಡ್ಕೊಬಹುದು, ಸೊಂಟ ನೆಟ್ಟಗೆ ಮಾಡ್ಕೊಬಹುದು. ಒಪ್ಪಬಹುದು."

ಮುಂದಿನ ಸಾಲಿಗೆ ಹೋಗಲು ಪುಟ ತಿರುಗಿಸಿದೆ. ಆಗ ಅವರು ಮುಂದುವರಿಸಿದರು.

"ಆದ್ರೆ ವಿರಾಮ ನೋಡಿಕೊಳ್ಳೋರಿಗೆ ಅಂದ ಮೇಲೆ ಬಟನ್ ಮಲಗಿರೋರ ಕೈಲಿ ಯಾಕೆ? ಅದು ನೋಡಿಕೊಳ್ಳೋರ ರಿಮೋಟಿನಲ್ಲಿ ಇರಬೇಕು. ಒಂದು ತಂತಿ ಕಡಿಮೆ ಆಗುತ್ತೆ."

"ಅಕ್ಕ ತನ್ನ ಕೈಲಿ ಬೇಕು ಅಂದಿದ್ಲು," ಎಂದೆ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮತ್ತೊಮ್ಮೆ ಹೇಳಬೇಕಾಯಿತು. "ಬಟನ್ ಮಲಗಿರೋರ ಕೈಲಿ ಇರಬೇಕು. ಅದೇ ಮುಖ್ಯ."

"ಯಾಕೆ?" ಎಂದರು ಅವರು, ಸೌಜನ್ಯದಿಂದಲೇ.

ಮೇಡಂ ನನ್ನನ್ನೇ ನೋಡುತ್ತಿದ್ದರು, ನಾನೇನಾದರೂ ಹೇಳಿದರೆ ಅದರ ಹಿಂದೆ ನಿಲ್ಲಲು ಸಿದ್ಧರಾದವರ ಹಾಗೆ. ಆ ಪದವನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಕೇಳಿದ್ದೆ. ಅದು ನನ್ನ ಕಡೆ ತಿರುಗಿದಾಗ ನನ್ನಲ್ಲಿ ಏನೂ ಇರಲಿಲ್ಲ. ಬೇಕು, ಅಷ್ಟೆ, ಎಂದು ಅಕ್ಕನ ಹಾಗೆ ಹೇಳುವ ಧೈರ್ಯವೂ ಇರಲಿಲ್ಲ.

ಸಾಲು ಉಳಿಯಿತು. 'ಆ ವ್ಯಕ್ತಿಯ ಕೈಯಲ್ಲಿರುವ' ಎಂದಿದ್ದಲ್ಲಿ 'ನೋಡಿಕೊಳ್ಳುವವರ ಕೈಯಲ್ಲಿರುವ' ಎಂದಾಯಿತು. ತಿದ್ದಿ ಟೈಪ್ ಮಾಡಿದ್ದು ನಾನೇ.

ಯಂತ್ರ ಸಿದ್ಧವಾದಾಗ, ಪ್ರಯೋಗಕ್ಕೆ ನೆರವಾದ ಮನೆಯವರನ್ನೆಲ್ಲ ಕಂಪನಿಯವರು ಕರೆಸಿದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕಾಲರು ಸ್ವಲ್ಪ ಸವೆದಿತ್ತು, ಅಕ್ಕ ಇದ್ದಿದ್ದರೆ ತಿರುವಿ ಹೊಲಿಯುತ್ತಿದ್ದಳು. ಅವರನ್ನು ಮನೆಯಿಂದ ಕರೆತಂದದ್ದು ನಾನೇ. ದಾರಿಯುದ್ದಕ್ಕೂ, "ಅವಳ ಸಾಲು ತೋರಿಸ್ತಾರಾ?" ಎಂದು ಕೇಳಿದರು. ತೋರಿಸುತ್ತಾರೆ ಎಂದೆ. ಉಳಿದದ್ದನ್ನು ಹೇಳಬೇಕೆಂದು ಬಸ್ಸಿನಲ್ಲಿ ಎರಡು ಮೂರು ಸಲ ಬಾಯಿ ತೆರೆದೆ. ಅವರು ಕಿಟಕಿಯಾಚೆ ನೋಡುತ್ತ ಇದ್ದರು, ಆ ಮುಖ ನೋಡಿ ಆಗಲಿಲ್ಲ.

ಕಂಪನಿಯ ಹುಡುಗಿಯೊಬ್ಬಳು ಜೋಲಿಯಲ್ಲಿ ಮಲಗಿದಳು. ಇನ್ನೊಬ್ಬರು ರಿಮೋಟ್ ಹಿಡಿದು ನಿಂತರು. ಜೋಲಿ ಏರಿತು. "ಈಗ ನೋಡಿಕೊಳ್ಳುವವರು ನಡುವೆ ನಿಲ್ಲಿಸಬಹುದು," ಎಂದು ಹೇಳಿ ಅವರು ಒತ್ತಿದರು. ಹುಡುಗಿ ಗಾಳಿಯಲ್ಲಿ ನಿಂತು, ಮುಗುಳ್ನಗುತ್ತ, ಯಾವಾಗ ಇಳಿಸುತ್ತಾರೆ ಎಂದು ರಿಮೋಟಿನವರ ಮುಖ ನೋಡಿದಳು. ಜನ ಚಪ್ಪಾಳೆ ತಟ್ಟಿದರು.

ಭಾವ ತಟ್ಟಲಿಲ್ಲ. "ಮಲಗಿರೋರ ಕೈಲಿ ಬಟನ್ ಎಲ್ಲಿ?"

"ಇಲ್ಲ ಭಾವ. ನೋಡಿಕೊಳ್ಳೋರ ಕೈಲಿ."

"ಯಾಕೆ?"

"ನಾವು ಬರೆದ ಕಾರಣಕ್ಕೆ ಅಷ್ಟೇ ಸಾಕು ಅಂದ್ರು. ನಾನು ಹೇಳಿ ನೋಡಿದೆ. ಆಗಲಿಲ್ಲ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊಟ್ಟ ತಿಂಡಿಯ ಪೊಟ್ಟಣವನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಹೊರಗೆ ನಡೆದರು. ನಾನು ಹಿಂದೆ ಹೋದೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು, ನಾನೂ ಕೂತೆ.

"ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಕಣಮ್ಮ," ಎಂದರು. "ಹಾಗಿರಬಹುದು ಅಂತ ಆಸೆ."

"ಹಾಗೇ ಇದ್ದಿರಬಹುದು ಭಾವ."

"ಕೈ ತೆಗೀರಿ ಅಂದಳಲ್ಲ. ನೀನು ಅಲ್ಲೇ ಇದ್ದೆ. ದನಿಯಲ್ಲಿ ಬೇಜಾರಿತ್ತಾ?"

"ಇರಲಿಲ್ಲ ಅನ್ಸುತ್ತೆ."

"ಅನ್ಸುತ್ತಾ? ಗೊತ್ತಾ?"

'ಅನ್ನಿಸುತ್ತದೆ' ಎಂಬುದನ್ನು ನಮ್ಮ ಕಸುಬಿನಲ್ಲಿ ಯಾರಿಂದಲೂ ಒಪ್ಪಿಕೊಳ್ಳುವುದಿಲ್ಲ. "ಗೊತ್ತಿಲ್ಲ ಭಾವ," ಎಂದೆ.

ಅವರು ಸರಿ ಎಂಬಂತೆ ತಲೆಯಾಡಿಸಿದರು. ಬಸ್ಸು ಬಂತು, ಹತ್ತಿದರು. ನನ್ನ ಮನೆ ಬೇರೆ ದಿಕ್ಕಿಗೆ, ನಾನು ಇನ್ನೊಂದು ಬಸ್ಸಿಗೆ ಕಾಯಬೇಕಿತ್ತು.

ಆ ಯಂತ್ರ ಈಗ ಅನೇಕ ಮನೆಗಳಲ್ಲಿದೆ. ಯಾರಾದರೂ ಅದನ್ನು ನಡುವೆ ನಿಲ್ಲಿಸುತ್ತಾರೋ ಇಲ್ಲವೋ, ನಿಲ್ಲಿಸಿದರೆ ಮಲಗಿರುವವರಿಗೆ ಅದು ಹಿತವೋ ಹಿಂಸೆಯೋ, ನನಗೆ ವರದಿ ಬಂದಿಲ್ಲ. ಭಾವ ತಾವು ಕೊಟ್ಟ ಕಾರಣ ತಾವೇ ನಂಬಿದ್ದಾರೋ ಇಲ್ಲವೋ ಗೊತ್ತಿಲ್ಲ, ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ಅಕ್ಕ ನಡುವೆ ನಿಲ್ಲಲು ಯಾಕೆ ಕೇಳಿದಳು ಎಂಬುದೂ ನನಗೆ ಗೊತ್ತಿಲ್ಲ. ಅವಳಿಗಾದರೂ ಗೊತ್ತಿತ್ತು ಎಂದುಕೊಂಡಿದ್ದೇನೆ. ಅದೂ ಖಚಿತವಿಲ್ಲ.